ಈ ಸಲ ನಾವು ಗೆಲ್ಲುತ್ತೇವೆ, ಹುಡುಗರ ಕಾಲು ಉಳಿಸಿಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವನು. ನಮ್ಮ ಮನೆಗೆ ನಿಮ್ಮ ಪತ್ರಿಕೆ ತರಿಸಲು ಶುರು ಮಾಡಿದ್ದು ನನ್ನ ಅಜ್ಜ. ಅಜ್ಜ ಹೋದ ಮೇಲೂ ನಾವು ನಿಲ್ಲಿಸಲಿಲ್ಲ. ಓದುಗರ ಪತ್ರ ಅಂತ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಒಂದು ಕಾಲೇಜು ಫುಟ್‌ಬಾಲ್ ತಂಡದ ವಿಷಯಕ್ಕೆ ಇಷ್ಟುದ್ದ ಪತ್ರವಾ ಅಂತ ನಿಮಗೆ ಅನಿಸಬಹುದು. ದಯವಿಟ್ಟು ಪೂರ್ತಿ ಓದಿ.

ಮೊದಲು ಹೇಳಬೇಕಾದ್ದು ಇಷ್ಟು. ಈ ವರ್ಷ ಕಣ್ಣೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಫುಟ್‌ಬಾಲಿನಲ್ಲಿ ನಮ್ಮ ಕಾಲೇಜಿನ ಹುಡುಗರು ಕಪ್ ಗೆಲ್ಲಬಹುದು. ಸುಮ್ನೆ ಹೇಳುತ್ತಿಲ್ಲ. ನಾನು ಈ ಕಾಲೇಜಿನಲ್ಲಿ ಓದಿದವನು, ಇದೇ ತಂಡಕ್ಕೆ ರೈಟ್ ಬ್ಯಾಕ್ ಆಡಿದವನು. ಕಣ್ಣೂರು ವಿಶ್ವವಿದ್ಯಾಲಯ 1996ರಲ್ಲಿ ಶುರುವಾಯಿತಲ್ಲ, ಆ ವರ್ಷವೇ ನಾನು ಡಿಗ್ರಿಗೆ ಸೇರಿದ್ದು. ಅದಕ್ಕೆ ಮುಂಚೆ ನಮ್ಮ ಕಡೆಯ ಕಾಲೇಜುಗಳೆಲ್ಲ ಕಲ್ಲಿಕೋಟೆ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಅಂದಿನಿಂದ ಇಂದಿನವರೆಗೆ ತಂಡ ಎಷ್ಟೋ ಸಲ ಕಟ್ಟಿತು, ಎಷ್ಟೋ ಸಲ ಮುರಿಯಿತು. ಇಂಥ ತಂಡವನ್ನು ನಾನು ನೋಡಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ 2024ರಲ್ಲಿ ಬಂತು. ಆಗ ಸೇರಿದ ಮೊದಲ ಬ್ಯಾಚಿನ ಹುಡುಗರು ಈಗ ಮೂರನೇ ವರ್ಷಕ್ಕೆ ಬಂದಿದ್ದಾರೆ. ನಮ್ಮ ತಂಡದಲ್ಲಿ ಏಳು ಜನ ಅದೇ ಬ್ಯಾಚಿನವರು. ಎರಡು ವರ್ಷ ಒಟ್ಟಿಗೆ ಆಡಿದ್ದಾರೆ, ಒಟ್ಟಿಗೆ ಸೋತಿದ್ದಾರೆ. ಕಾಲೇಜು ತಂಡದಲ್ಲಿ ಇದು ಅಪರೂಪ. ಒಬ್ಬ ಹುಡುಗ ಪ್ಲಸ್ ಟು ಮುಗಿಸಿ ಬರುತ್ತಾನೆ, ಆಟ ಕೈಗೆ ಹತ್ತುವಷ್ಟರಲ್ಲಿ ಡಿಗ್ರಿ ಮುಗಿಸಿ ಗಲ್ಫಿಗೋ ಮಂಗಳೂರಿಗೋ ಹೊರಟು ಹೋಗುತ್ತಾನೆ, ಮತ್ತೆ ಮೊದಲಿನಿಂದ ಶುರು. ಈ ಸಲ ಹಾಗಲ್ಲ. ಹಿಂದೆ ನಿಂತು ಆಡುವ ನಾಲ್ಕು ಬ್ಯಾಕುಗಳಲ್ಲಿ ಮೂವರು ಹಳಬರು. ಕಣ್ಣು ಮುಚ್ಚಿ ಚೆಂಡು ಕೊಟ್ಟರೂ ಎಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಬೇಕಾದವರು ನಾಲ್ಕನೇ ವರ್ಷವೂ ಇರಬಹುದು ಅನ್ನುವುದು ಇನ್ನೊಂದು ಸಂತೋಷ.

ಹುಡುಗರ ಹೆಸರು ಬರೆಯುವುದಿಲ್ಲ, ಅವರಿಗೆ ಮುಜುಗರ ಆಗುತ್ತದೆ. ಊರು ಹೇಳುತ್ತೇನೆ. ಗೋಲಿ, ಅಂದರೆ ಗೋಲ್‌ಕೀಪರ್, ಉಪ್ಪಳದವನು, ಮನೆಯಲ್ಲಿ ಉರ್ದು ಮಾತನಾಡುತ್ತಾನೆ. ಸ್ಟಾಪರ್, ಅಂದರೆ ಗೋಲಿಯ ಮುಂದೆ ನಡುವಿನಲ್ಲಿ ನಿಲ್ಲುವ ಬ್ಯಾಕ್, ಮುಳ್ಳೇರಿಯ ಕಡೆಯವನು, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮಧ್ಯದಲ್ಲಿ ಆಡುವ ಸಣ್ಣ ಹುಡುಗ ಮೊಗ್ರಾಲಿನವನು. ಮೊಗ್ರಾಲ್ ಅಂದಮೇಲೆ ಬೇರೆ ಹೇಳಬೇಕಾ, ಆ ಊರಲ್ಲಿ ಮಗು ನಡೆಯಲು ಕಲಿಯುವ ಮೊದಲೇ ಚೆಂಡು ಒದೆಯಲು ಕಲಿಯುತ್ತದೆ. ಎಡಗಡೆ ವಿಂಗಿನಲ್ಲಿ ಓಡುವವನು ಪೆರ್ಲದವನು, ಅಪ್ಪ ಅಡಿಕೆ ಮರ ಹತ್ತುವ ಕೆಲಸ ಮಾಡುತ್ತಾರೆ, ಇವನಿಗೂ ಆ ಸಪೂರ ಮೈ, ಆ ಗಟ್ಟಿ ಕಾಲು ಬಂದಿದೆ. ಚೆಂಡು ಇವನ ಕಾಲಿಗೆ ಸಿಕ್ಕಿದರೆ ಮೈದಾನದ ಬದಿಯಲ್ಲಿ ಕೂತವರೆಲ್ಲ ಎದ್ದು ನಿಲ್ಲುತ್ತಾರೆ.

ಸಪ್ತಭಾಷೆಗಳ ನಾಡು ಅಂತ ನಾವು ಭಾಷಣದಲ್ಲಿ ಹೇಳುತ್ತೇವಲ್ಲ, ಅದನ್ನು ಕಣ್ಣಾರೆ ನೋಡಬೇಕಾದರೆ ಬೆಳಿಗ್ಗೆ ಇವರ ಪ್ರಾಕ್ಟೀಸಿಗೆ ಬನ್ನಿ. ಕೋಚ್ ಸರ್ ಮಲಯಾಳದಲ್ಲಿ ಹೇಳುತ್ತಾರೆ, ಹುಡುಗರು ತಮ್ಮೊಳಗೆ ಕನ್ನಡದಲ್ಲಿ ವಾದ ಮಾಡುತ್ತಾರೆ, ಆಟದ ಮಧ್ಯೆ ಕೂಗುವುದು ಮಾತ್ರ ತುಳುವಿನಲ್ಲಿ. ಅದಕ್ಕೆ ಕಾರಣ ಇದೆ. ಕಣ್ಣೂರು, ಪಯ್ಯನ್ನೂರು ಕಡೆಯ ತಂಡಗಳಿಗೆ ತುಳು ತಿಳಿಯುವುದಿಲ್ಲ. ‘ಬಲಿಪು’, ಅಂದರೆ ಓಡು, ಅಂತ ಮಧ್ಯದವನು ಕೂಗಿದರೆ ನಮ್ಮ ವಿಂಗರ್ ಓಡಲು ಶುರು ಮಾಡಿರುತ್ತಾನೆ, ಎದುರಿನ ಬ್ಯಾಕ್ ಏನು ಅಂತ ತಿರುಗಿ ನೋಡುವಷ್ಟರಲ್ಲಿ ಇವನು ಎರಡು ಗಜ ಮುಂದೆ. ಕಳೆದ ವರ್ಷ ಹಾಗೆಯೇ ಒಂದು ಗೋಲು ಬಂತು. ಆ ಗೋಲು ನೋಡಿದ ಮೇಲೆ ಒಂದು ವಾರ ನನಗೆ ಬೇರೆ ಮಾತೇ ಇರಲಿಲ್ಲ.

ಹಾಗಾದರೆ ಕಳೆದ ವರ್ಷ ಯಾಕೆ ಸೋತೆವು? ಈ ಪತ್ರ ಬರೆಯಲು ಕಾರಣವೇ ಅದು.

ಕ್ವಾರ್ಟರ್ ಫೈನಲ್ ಕಣ್ಣೂರು ಕಡೆ ಇತ್ತು. ಕಾಸರಗೋಡಿನಿಂದ ಸುಮಾರು 90 ಕಿಲೋಮೀಟರ್. ಬೆಳಿಗ್ಗೆಯ ಗಾಡಿಯಲ್ಲಿ ಹೊರಟೆವು, ಜನರಲ್ ಬೋಗಿ, ಕಾಲಿಡಲು ಜಾಗವಿಲ್ಲ. ಆಡುವ ಹುಡುಗರೂ ಬಾಗಿಲ ಹತ್ತಿರ ನಿಂತೇ ಬಂದರು. ನೋಡಲು ಹೋದವರು ನಾವು ಒಂಬತ್ತು ಜನ. ಎದುರಿನ ಕಾಲೇಜಿನವರು ಚೆಂಡೆ ತಂದಿದ್ದರು, ಗ್ಯಾಲರಿ ತುಂಬ ಅವರದೇ ಜನ. ಆದರೂ ಮೊದಲ ಅರ್ಧದಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಆಮೇಲೆ ನಮ್ಮ ಸೆಂಟರ್ ಫಾರ್ವರ್ಡ್ ಮೂರು ಸಲ ಆಫ್‌ಸೈಡ್ ಆದ, ಅದೇನು ಅಂತ ಮುಂದೆ ಹೇಳುತ್ತೇನೆ. ಮೂರನೇ ಸಲ ಚೆಂಡು ಬಲೆಯೊಳಗೇ ಹೋಗಿತ್ತು, ಹುಡುಗರೆಲ್ಲ ಓಡಿ ಬಂದು ಅಪ್ಪಿಕೊಂಡಿದ್ದರು, ತಿರುಗಿ ನೋಡಿದರೆ ಲೈನ್ಸ್‌ಮನ್ ಬಾವುಟ ಎತ್ತಿ ನಿಂತಿದ್ದಾರೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ನಮ್ಮವರ ಕಾಲು ಏಳಲಿಲ್ಲ. ಇಬ್ಬರಿಗೆ ಮೀನಖಂಡ ಹಿಡಿದುಕೊಂಡಿತು. 2-1ರಲ್ಲಿ ಸೋತೆವು.

ವಾಪಸ್ ಬರುವಾಗ ಗಾಡಿಯಲ್ಲಿ ಗೊತ್ತಾಯಿತು. ನಮ್ಮ ಹನ್ನೊಂದು ಜನರಲ್ಲಿ ನಾಲ್ವರು ಹಿಂದಿನ ರಾತ್ರಿ ಸೆವೆನ್ಸ್ ಆಡಿ ಬಂದಿದ್ದರು. ಫ್ಲಡ್‌ಲೈಟಿನಲ್ಲಿ, ರಾತ್ರಿ ಹನ್ನೊಂದರವರೆಗೆ. ಮನೆಗೆ ಹೋಗಿ ಮಲಗಿದ್ದು ಒಂದು ಗಂಟೆಗೆ, ಐದಕ್ಕೆ ಎದ್ದು ಸ್ಟೇಷನ್ನಿಗೆ. ಪೆರ್ಲದ ಹುಡುಗನ ಹಿಮ್ಮಡಿ ಗಂಟು ಊದಿಕೊಂಡಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಐಸ್ ಪಯ್ಯನ್ನೂರು ದಾಟುವಾಗಲೇ ಕರಗಿ ನೀರಾಗಿತ್ತು. ಅದನ್ನೇ ಕಾಲಿಗೆ ಒತ್ತಿಕೊಂಡು ಕೂತಿದ್ದ. ಗೋಲಿ ಅವನ ಪಕ್ಕದಲ್ಲಿ ಕೂತು ನೋಟ್ಸ್ ಓದುತ್ತಿದ್ದ, ಮರುದಿನ ಇಂಟರ್ನಲ್ ಪರೀಕ್ಷೆ. ಯಾರೂ ಯಾರಿಗೂ ಬೈಯಲಿಲ್ಲ. ನಾನೂ ಬೈಯಲಿಲ್ಲ, ಬೈಯುವ ಹಕ್ಕು ನನಗಿಲ್ಲ.

ಸೆವೆನ್ಸ್ ಅಂದರೆ ಏನು ಅಂತ ಗಡಿಯಾಚೆಯ ಓದುಗರಿಗೆ ಸ್ವಲ್ಪ ಹೇಳಬೇಕು. ಮಲಬಾರಿನಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಬೆಳೆದ ಆಟ ಅದು. ಒಂದು ಕಡೆಗೆ ಏಳೇ ಜನ. ಮೈದಾನ ಸಣ್ಣದು, ಹೊತ್ತು ಕಡಿಮೆ, ಆಫ್‌ಸೈಡ್ ಇಲ್ಲ. ಈಗ ಗದ್ದೆ ಕಡಿಮೆಯಾಗಿ ಲೈಟು, ತಾತ್ಕಾಲಿಕ ಗ್ಯಾಲರಿ, ಟಿಕೆಟ್ಟು, ಮೈಕಿನಲ್ಲಿ ಕಮೆಂಟರಿ ಎಲ್ಲ ಬಂದಿದೆ. ಮಳೆ ಬಿಟ್ಟು ನವೆಂಬರ್ ಬಂತೆಂದರೆ ಶುರು, ಮುಂದಿನ ಮಳೆಯವರೆಗೆ ನಡೆಯುತ್ತದೆ. ಆಫ್ರಿಕಾದ ಆಟಗಾರರೂ ಬಂದು ಆಡುತ್ತಾರೆ. ನನಗೂ ಸೆವೆನ್ಸ್ ಅಂದರೆ ಜೀವ. ಅದಿಲ್ಲದಿದ್ದರೆ ನಮ್ಮ ಊರುಗಳಲ್ಲಿ ಫುಟ್‌ಬಾಲ್ ಇಷ್ಟು ಉಳಿಯುತ್ತಿರಲಿಲ್ಲ. ಅದನ್ನು ನಿಲ್ಲಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಹನ್ನೊಂದು ಜನರ ಆಟ ಬೇರೆಯೇ. ಆಫ್‌ಸೈಡಿನ ವಿಷಯವನ್ನೇ ನೋಡಿ. ನಮ್ಮವನು ಚೆಂಡು ಒದೆಯುವ ಗಳಿಗೆಯಲ್ಲಿ ಮುಂದಿರುವ ಹುಡುಗ ಚೆಂಡಿಗಿಂತಲೂ, ಎದುರಿನ ತಂಡದ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್. ಕೊನೆಯವನು ಸಾಮಾನ್ಯವಾಗಿ ಗೋಲಿಯೇ ಇರುತ್ತಾನೆ, ಹಾಗಾಗಿ ಲೆಕ್ಕಕ್ಕೆ ಬರುವುದು ಕೊನೆಯ ಬ್ಯಾಕ್. ಓದಲು ಸುಲಭ. ಆದರೆ ಓಡುವ ಕಾಲಿಗೆ ಇದು ಅಭ್ಯಾಸವಾಗಲು ತಿಂಗಳುಗಳು ಬೇಕು. ಒಂದು ಹೆಜ್ಜೆ ತಡೆದು ನಿಲ್ಲಬೇಕು, ಬ್ಯಾಕುಗಳ ಸಾಲಿನ ಮೇಲೆ ಕಣ್ಣಿಟ್ಟಿರಬೇಕು, ಚೆಂಡು ಹೊರಟ ಕ್ಷಣದಲ್ಲೇ ಹೊರಡಬೇಕು. ವಾರಕ್ಕೆ ನಾಲ್ಕು ರಾತ್ರಿ ಸೆವೆನ್ಸ್ ಆಡುವ ಹುಡುಗನಿಗೆ ಗೋಲಿನ ಬಾಯಲ್ಲೇ ನಿಂತು ಕಾಯುವುದು ರೂಢಿಯಾಗಿರುತ್ತದೆ. ಅಲ್ಲಿ ಅದು ಜಾಣತನ, ಇಲ್ಲಿ ಅದು ತಪ್ಪು. ಆ ಮೂರು ಬಾವುಟಗಳು ನಮ್ಮ ಹುಡುಗನ ಬುದ್ಧಿಯ ಕೊರತೆಯಿಂದ ಎದ್ದದ್ದಲ್ಲ, ಅವನ ಕಾಲಿಗೆ ಬೇರೆ ಆಟ ಕೂತಿತ್ತು ಅಷ್ಟೇ.

ಇನ್ನು ದಮ್ಮು. ದೊಡ್ಡ ಮೈದಾನದಲ್ಲಿ 90 ನಿಮಿಷ ಮಧ್ಯದಲ್ಲಿ ಆಡುವವನು ಹತ್ತು ಕಿಲೋಮೀಟರಿನಷ್ಟು ಓಡುತ್ತಾನೆ. ಹಾಗೆ ಓಡಿದ ಮೇಲೆ ಮಾಂಸಖಂಡ ಮೊದಲಿನಂತಾಗಲು ಎರಡು ಮೂರು ದಿನ ಬೇಕೇ ಬೇಕು. ದೊಡ್ಡ ದೊಡ್ಡ ಕ್ಲಬ್ಬುಗಳಲ್ಲಿ ಡಾಕ್ಟರು, ಮಸಾಜಿನವರು, ಐಸ್ ತೊಟ್ಟಿ ಎಲ್ಲ ಇದ್ದೂ ಆಟಗಾರರಿಗೆ ಬಿಡುವು ಕೊಡುತ್ತಾರೆ. ನಮ್ಮ ಹುಡುಗರು ಕೆಂಪು ಮಣ್ಣಿನ ಮೈದಾನದಲ್ಲಿ ಆಡುವವರು. ಅಡಿಯಲ್ಲಿ ಮುರಕಲ್ಲು. ಬಿದ್ದರೆ ತೊಡೆಯ ಚರ್ಮ ಕಿತ್ತು ಬರುತ್ತದೆ. ರಾತ್ರಿ ಸೆವೆನ್ಸಿನ ಗದ್ದೆಯಲ್ಲಿ, ಬೆಳಿಗ್ಗೆ ಮುರಕಲ್ಲಿನ ಮೇಲೆ, ಭಾನುವಾರ ಬಾಡಿಗೆ ಟರ್ಫಿನಲ್ಲಿ. ಕಾಲು ಎಷ್ಟು ಅಂತ ತಡೆದುಕೊಳ್ಳುತ್ತದೆ?

ನನ್ನ ಕಾಲು ತಡೆದುಕೊಳ್ಳಲಿಲ್ಲ. ಡಿಗ್ರಿ ಕೊನೆಯ ವರ್ಷ, ಅಂತರ ಕಾಲೇಜು ಪಂದ್ಯಕ್ಕೆ ಹತ್ತು ದಿನ ಇತ್ತು. ಒಂದು ಸೆವೆನ್ಸ್ ಫೈನಲಿಗೆ ಕರೆದರು. ಹೋದೆ. ಎರಡನೇ ಹಾಫಿನಲ್ಲಿ ತಿರುಗುವಾಗ ಮೊಣಕಾಲಿನೊಳಗೆ ಕಟ್ ಅಂತ ಶಬ್ದವಾಯಿತು. ಲಿಗಮೆಂಟ್ ಹರಿದಿತ್ತು. ಈಗಾದರೆ ಎ.ಸಿ.ಎಲ್. ಆಪರೇಷನ್ ಅಂತಾರೆ, ಆರರಿಂದ ಒಂಬತ್ತು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದರೆ ಮತ್ತೆ ಆಡಬಹುದು. ಆಗ ನಮ್ಮ ಮನೆಯಲ್ಲಿ ಅಷ್ಟು ದುಡ್ಡೂ ಇರಲಿಲ್ಲ, ಅಷ್ಟು ತಿಳಿವಳಿಕೆಯೂ ಇರಲಿಲ್ಲ. ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದರು. ಪಂದ್ಯ ನಡೆಸಿದವರು ಆ ರಾತ್ರಿ ಆಟೋಕ್ಕೆ ದುಡ್ಡು ಕೊಟ್ಟರು, ಆಮೇಲೆ ಯಾರೂ ಈ ಕಡೆ ಬರಲಿಲ್ಲ. ಅವರ ಮೇಲೆ ಈಗ ಸಿಟ್ಟಿಲ್ಲ. ಆದರೆ ಆ ವರ್ಷ ನಮ್ಮ ತಂಡ ಸೆಮಿಫೈನಲ್ ಆಡಿದಾಗ ನಾನು ಕೋಲು ಹಿಡಿದು ಗೆರೆಯ ಹೊರಗೆ ನಿಂತಿದ್ದೆ. ನನ್ನ ಜಾಗದಲ್ಲಿ ಆಡಿದ ಹುಡುಗ ಅಲ್ಲಿಯವರೆಗೆ ರೈಟ್ ಬ್ಯಾಕ್ ಆಡಿದವನೇ ಅಲ್ಲ. ಎರಡು ಗೋಲೂ ಅವನ ಕಡೆಯಿಂದಲೇ ಬಂತು. ಅದು ಇವತ್ತಿಗೂ ನೋಯುತ್ತದೆ, ಮೊಣಕಾಲಿಗಿಂತ ಜಾಸ್ತಿ.

ಅದಕ್ಕೇ ಸೆವೆನ್ಸ್ ನಡೆಸುವ ಎಲ್ಲ ಕಮಿಟಿಯವರಿಗೆ ನಿಮ್ಮ ಪತ್ರಿಕೆಯ ಮೂಲಕ ಕೈಮುಗಿದು ಕೇಳುತ್ತೇನೆ. ಅಂತರ ಕಾಲೇಜು ಪಂದ್ಯಗಳು ಮುಗಿಯುವವರೆಗೆ ನಮ್ಮ ಹುಡುಗರನ್ನು ಕರೆಯಬೇಡಿ. ಹೆಚ್ಚು ಅಂದರೆ ಕೆಲವು ವಾರ. ನಮ್ಮ ಕಾಲೇಜಿನ ಹುಡುಗರು ಮಾತ್ರ ಅಲ್ಲ, ಯಾವ ಕಾಲೇಜಿನವರನ್ನೂ ಕರೆಯಬೇಡಿ. ಆಮೇಲೆ ಇಡೀ ಬೇಸಿಗೆ ಅವರು ನಿಮ್ಮವರೇ. ವಿಶ್ವವಿದ್ಯಾಲಯದ ಆಟಗಾರ ಅಂತ ಮೈಕಿನಲ್ಲಿ ಕೂಗಿ ಹೇಳಿದರೆ ನಿಮ್ಮ ಗ್ಯಾಲರಿಗೂ ಜನ ಜಾಸ್ತಿ ಬರುತ್ತಾರೆ, ಅಲ್ವಾ?

ಹುಡುಗರು ದುಡ್ಡಿಗಾಗಿ ಹೋಗುತ್ತಾರೆ ಅಂತ ಕೆಲವರು ಹಗುರವಾಗಿ ಮಾತನಾಡುವುದನ್ನು ಕೇಳಿದ್ದೇನೆ. ಹೌದು, ದುಡ್ಡಿಗಾಗಿಯೇ ಹೋಗುತ್ತಾರೆ. ಒಂದು ರಾತ್ರಿ ಆಡಿದರೆ ಸಿಗುವುದು ಅಪ್ಪನ ಎರಡು ದಿನದ ಕೂಲಿಗೆ ಸಮ. ಅದರಿಂದ ಬಸ್ಸಿನ ಖರ್ಚು ಹೋಗುತ್ತದೆ, ಬೂಟು ಬರುತ್ತದೆ, ತಂಗಿಯ ಫೀಸು ಕಟ್ಟುತ್ತಾರೆ. ಅದನ್ನು ಬಿಡಿ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ನಾವು ಏನಾದರೂ ಕೊಡಬೇಕು. ಹಾಗಾಗಿ ಹಳೆ ವಿದ್ಯಾರ್ಥಿಗಳು ನಲವತ್ತು ಜನ ಸೇರಿ ತಿಂಗಳಿಗೆ ತಲಾ 200 ರೂಪಾಯಿ ಹಾಕಲು ಶುರು ಮಾಡಿದ್ದೇವೆ. ಸದ್ಯಕ್ಕೆ ವಾರದಲ್ಲಿ ಮೂರು ದಿನ ಪ್ರಾಕ್ಟೀಸ್ ಆದ ಮೇಲೆ ಇಪ್ಪತ್ತೆರಡು ಹುಡುಗರಿಗೆ ಎರಡೆರಡು ಬೇಯಿಸಿದ ಮೊಟ್ಟೆ, ಒಂದೊಂದು ನೇಂದ್ರ ಬಾಳೆಹಣ್ಣು. ಮೊಟ್ಟೆ ತಿನ್ನದ ಇಬ್ಬರಿಗೆ ನೆಲಗಡಲೆ. ಇಷ್ಟಕ್ಕೇ ದುಡ್ಡು ಮುಗಿಯುತ್ತದೆ. ಬೂಟು, ಪ್ರಯಾಣ, ಗಾಯವಾದರೆ ಸ್ಕ್ಯಾನಿಂಗ್, ಇದಕ್ಕೆಲ್ಲ ಇನ್ನೂ ಜನ ಬೇಕು. ದುಬೈಯಲ್ಲಿ, ಮಂಗಳೂರಲ್ಲಿ, ಬೆಂಗಳೂರಲ್ಲಿ ಇರುವ ನಮ್ಮವರು ಇದನ್ನು ಓದಿದರೆ ಕೈಜೋಡಿಸಲಿ.

ಕಾಲೇಜಿನವರಲ್ಲೂ ಒಂದು ಮಾತು. ಅಟೆಂಡೆನ್ಸ್ ಕೊಡಿ. ಗ್ರೇಸ್ ಮಾರ್ಕಿನ ಕಾಗದಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿ. ಪಂದ್ಯದ ಮರುದಿನ ಇಂಟರ್ನಲ್ ಇದ್ದರೆ ಆಡಿದವರಿಗೆ ಇನ್ನೊಂದು ದಿನ ಇಡಿ. ಹೆಚ್ಚೇನೂ ಕೇಳುವುದಿಲ್ಲ.

ಈಗ ನೋಡುವವರ ವಿಷಯ. ನನಗೆ ಎಲ್ಲಕ್ಕಿಂತ ಬೇಸರ ಇದರಲ್ಲೇ. ಈ ವರ್ಷದ ವಿಶ್ವಕಪ್ಪಿಗೆ ನಮ್ಮ ಊರಿನ ಪ್ರತಿ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್. ಕೆಲವನ್ನು ಇನ್ನೂ ಇಳಿಸಿಲ್ಲ, ಆಟಿಯ ಮಳೆಗೆ ಹರಿದು ನೇತಾಡುತ್ತಿವೆ. ಹಾಕಿದ್ದು ತಪ್ಪು ಅನ್ನುವುದಿಲ್ಲ, 2022ರ ಡಿಸೆಂಬರ್ 18ರ ರಾತ್ರಿ ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಫ್ರಾನ್ಸನ್ನು ಸೋಲಿಸಿದಾಗ ನಾನೂ ರಸ್ತೆಗೆ ಬಂದು ಕುಣಿದವನೇ. ಆದರೆ ಅದೇ ಡಿಸೆಂಬರ್ 18ಕ್ಕೆ ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ನೆನಪಿದೆ. 2016ರಲ್ಲಿ, ಕೊಚ್ಚಿಯಲ್ಲಿ, ಇಂಡಿಯನ್ ಸೂಪರ್ ಲೀಗ್ (ಐ.ಎಸ್.ಎಲ್.) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸಿಗೆ ಹೆಡ್ ಮಾಡಿ ಗೋಲು ಹಾಕಿದ್ದು ಮುಹಮ್ಮದ್ ರಾಫಿ, ನಮ್ಮ ತೃಕ್ಕರಿಪುರದವರು. ಆ ಪಂದ್ಯ ಪೆನಾಲ್ಟಿಯಲ್ಲಿ ಕೋಲ್ಕತ್ತದ ಪಾಲಾಯಿತು. ಆದರೂ ಆ ಗೋಲನ್ನು ನೆನೆದರೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಅಷ್ಟು ಎತ್ತರಕ್ಕೆ ಹೋದ ಆಟಗಾರ ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಚೆಂಡು ಒದ್ದು ಬೆಳೆದವರು. ನೀಲೇಶ್ವರ ಹತ್ತಿರದ ಬಂಗಳದ ಮಾಳವಿಕಾ 2025ರಲ್ಲಿ ಭಾರತ ಮಹಿಳಾ ತಂಡಕ್ಕೆ ಆಡಿದರು. ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಮಂಗೋಲಿಯಾವನ್ನು 13-0 ಅಂತರದಲ್ಲಿ ಸೋಲಿಸಿದಾಗ ಅವರದೂ ಒಂದು ಗೋಲಿತ್ತು. ಆ ಸುದ್ದಿ ಬಂದ ಮೇಲೆ ನಮ್ಮ ಕಾಲೇಜಿನ ಹುಡುಗಿಯರು ಕೆಲವರು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮೈದಾನಕ್ಕೆ ಬಂದು, ನಮಗೂ ಚೆಂಡು ಕೊಡಿ ಸರ್ ಅಂದರಂತೆ. ಈಗ ಹದಿಮೂರು ಜನ ಆಗಿದ್ದಾರೆ. ಅವರ ಬಗ್ಗೆ ಇನ್ನೊಂದು ಪತ್ರ ಬರೆಯುತ್ತೇನೆ, ಅದಕ್ಕೂ ಜಾಗ ಕೊಡಿ.

ಗಡಿಯಲ್ಲಿರುವ ನಮಗೆ ಫುಟ್‌ಬಾಲಿನಲ್ಲಿ ಒಂದು ಸುಖ ಇದೆ, ಅದು ಬೇರೆಯವರಿಗಿಲ್ಲ. 2022ರ ಮೇ ತಿಂಗಳಲ್ಲಿ ಮಲಪ್ಪುರದ ಪಯ್ಯನಾಡಿನಲ್ಲಿ ಕೇರಳ ಬಂಗಾಳವನ್ನು ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಪಟಾಕಿ ಹೊಡೆದೆವು. ಮರುವರ್ಷ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಅದೇ ಟ್ರೋಫಿ ಎತ್ತಿದಾಗಲೂ ಪಟಾಕಿ ಹೊಡೆದೆವು. ಎರಡು ಮನೆಯ ಮದುವೆ ಊಟ ಉಂಡ ಹಾಗೆ. ಇಷ್ಟು ದೂರದ ಗೆಲುವಿಗೆ ಇಷ್ಟು ಸಂತೋಷ ಪಡುವ ನಾವು, ನಮ್ಮ ಪಕ್ಕದ ಮನೆಯ ಹುಡುಗ ಆಡುವಾಗ ಒಂಬತ್ತು ಜನ ಹೋಗುವುದಾ? ಈ ಸಲ ಕನಿಷ್ಠ ಎರಡು ಬಸ್ಸು ತುಂಬಬೇಕು. ನಮಗೂ ಚೆಂಡೆ ಬಾರಿಸುವವರಿದ್ದಾರೆ. ಯಕ್ಷಗಾನ ಹುಟ್ಟಿ ಬೆಳೆದ ನಾಡು ನಮ್ಮದು, ಚೆಂಡೆಗೇನು ಬರ? ಬದಿಯಡ್ಕದ ಕಡೆಯ ಇಬ್ಬರು ಹುಡುಗರು ಈಗಾಗಲೇ ಬರುತ್ತೇವೆ ಅಂತ ಒಪ್ಪಿದ್ದಾರೆ.

ಗೆದ್ದರೆ ಏನಾಗುತ್ತದೆ ಅಂತಲೂ ಹೇಳಬೇಕು. ಅಂತರ ಕಾಲೇಜಿನಲ್ಲಿ ಚೆನ್ನಾಗಿ ಆಡಿದವರನ್ನು ನೋಡಿ ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ. ಆ ತಂಡ ದಕ್ಷಿಣ ವಲಯಕ್ಕೆ ಹೋಗುತ್ತದೆ, ಅಲ್ಲಿ ಗೆದ್ದು ಬಂದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯ. ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬೀಳುವುದು ಅಲ್ಲಿಂದಲೇ. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ, ಪೊಲೀಸ್, ಬ್ಯಾಂಕ್ ಅಂತ ಕೆಲಸದ ದಾರಿಯೂ ಹಾಗೇ ತೆರೆಯುತ್ತದೆ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ 25 ವರ್ಷದ ಮಿತಿ ಇದೆ, ಈ ಹುಡುಗರಿಗೆ ಇಪ್ಪತ್ತು, ಇಪ್ಪತ್ತೊಂದು. ಹೊತ್ತು ಇದೆ, ಆದರೆ ತುಂಬ ಇಲ್ಲ. ನಮ್ಮ ಉತ್ತರದ ತುದಿಯ ಹುಡುಗರು ಆ ಪಟ್ಟಿಯಲ್ಲಿ ಬರುವುದು ಕಡಿಮೆ. ಆಟದಲ್ಲಿ ಕಡಿಮೆ ಇದ್ದಾರೆ ಅಂತಲ್ಲ. ಕ್ವಾರ್ಟರ್ ಫೈನಲಿನಲ್ಲೇ ಮನೆಗೆ ಬಂದರೆ ಆರಿಸುವವರು ನೋಡುವುದಾದರೂ ಯಾವಾಗ? ಮೊಗ್ರಾಲಿನ ಆ ಸಣ್ಣ ಹುಡುಗನನ್ನು ಎರಡು ಪಂದ್ಯ ಜಾಸ್ತಿ ನೋಡಿದರೆ ಸಾಕು, ಯಾರೂ ಬಿಡುವುದಿಲ್ಲ.

ಈ ವರ್ಷದ ತಯಾರಿ ಚೆನ್ನಾಗಿ ನಡೆಯುತ್ತಿದೆ. ಜೋರು ಮಳೆ ಇದ್ದ ದಿನ ಆಡಿಟೋರಿಯಂ ವರಾಂಡದಲ್ಲಿ ವ್ಯಾಯಾಮ, ಮಳೆ ಬಿಟ್ಟ ದಿನ ಬೆಳಿಗ್ಗೆ ಆರೂವರೆಗೆ ಮೈದಾನ. ಕೋಚ್ ಸರ್ ಹಗ್ಗ ಕಟ್ಟಿ ಆಫ್‌ಸೈಡ್ ಸಾಲು ಮಾಡಿಸುತ್ತಿದ್ದಾರೆ. ನಾಲ್ಕು ಬ್ಯಾಕುಗಳು ಹಗ್ಗ ಹಿಡಿದು ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಹೋಗಬೇಕು, ಫಾರ್ವರ್ಡ್ ಆ ಹಗ್ಗದ ಆಚೆ ಕಾಲಿಡದೆ ಓಡಬೇಕು. ಮೊದಲ ವಾರ ಹುಡುಗ ದಿನಕ್ಕೆ ಹತ್ತು ಸಲ ತಪ್ಪುತ್ತಿದ್ದ. ಹೋದ ಶನಿವಾರ ನಾನು ಹೋಗಿ ಅರ್ಧ ಗಂಟೆ ನಿಂತು ಲೆಕ್ಕ ಹಾಕಿದೆ, ಒಂದೇ ಸಲ ತಪ್ಪಿದ. ಪೆರ್ಲದವನ ಕಾಲು ವಾಸಿಯಾಗಿದೆ. ಮುಳ್ಳೇರಿಯದವನು ಎರಡು ಇಂಚು ಎತ್ತರ ಬೆಳೆದಿದ್ದಾನೋ ಅಂತ ಅನಿಸಿತು, ಕಾರ್ನರ್ ಬಂದರೆ ಎಲ್ಲರ ತಲೆಯ ಮೇಲೆ ಅವನ ತಲೆ. ಹೊಸದಾಗಿ ಸೇರಿದವರಲ್ಲಿ ಮಂಜೇಶ್ವರದ ಒಬ್ಬ ಎಡಗಾಲಿನ ಹುಡುಗ ಇದ್ದಾನೆ, ಅವನ ಫ್ರೀ ಕಿಕ್ ನೋಡಿ ನಾನು ಕೈಯಲ್ಲಿದ್ದ ಚಾ ಕುಡಿಯುವುದನ್ನೇ ಮರೆತೆ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ, ಸಂಪಾದಕರೇ. ಈ ಪಂದ್ಯಗಳ ಸುದ್ದಿ ಮಲಯಾಳ ಪತ್ರಿಕೆಗಳಲ್ಲಿ ಬರುತ್ತದೆ, ಫೋಟೋವೂ ಬರುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಬರುವುದಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರು ಓದುವುದು ಕನ್ನಡ ಮಾತ್ರ. ಕಳೆದ ವರ್ಷ ನಾವು ಎರಡನೇ ಸುತ್ತು ಗೆದ್ದ ಮರುದಿನ ನಾನು ಮುಳ್ಳೇರಿಯದ ಹುಡುಗನ ಮನೆಗೆ ಹೋಗಿದ್ದೆ. ಅವನ ಅಜ್ಜ ಜಗಲಿಯಲ್ಲಿ ಕೂತು ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವುತ್ತಿದ್ದರು. ಕ್ರಿಕೆಟ್ ಇತ್ತು, ಕಬಡ್ಡಿ ಇತ್ತು. ಮತ್ತೆ ಮೊದಲಿನಿಂದ ತಿರುವಿದರು. ಆಮೇಲೆ ಕನ್ನಡಕ ತೆಗೆದು, ‘ಬಂದಿಲ್ಲ ಅಲ್ವಾ ಮಗಾ’ ಅಂತ ನನ್ನನ್ನು ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಎರಡು ಸಾಲು ಸಾಕು. ಯಾರ ಮೇಲೆ ಯಾರು ಗೆದ್ದರು, ಗೋಲು ಹಾಕಿದವರು ಯಾರು, ಮುಂದಿನ ಪಂದ್ಯ ಎಂದು. ನಿಮ್ಮ ವರದಿಗಾರರು ಅಲ್ಲಿಯವರೆಗೆ ಬರಬೇಕಾಗಿಲ್ಲ. ಪ್ರತಿ ಪಂದ್ಯಕ್ಕೂ ನಾನು ಹೋಗುತ್ತೇನೆ, ಆಟ ಮುಗಿದ ಅರ್ಧ ಗಂಟೆಯಲ್ಲಿ ಸುದ್ದಿ ಬರೆದು ಫೋಟೋ ಸಮೇತ ವಾಟ್ಸ್ಆ್ಯಪಿಗೆ ಕಳಿಸುತ್ತೇನೆ. ಸೋತರೂ ಕಳಿಸುತ್ತೇನೆ. ನೀವು ಹಾಕಿದರೆ ಆಯಿತು. ಆ ಅಜ್ಜನಿಗೆ ಈಗ ತೊಂಬತ್ತು ಹತ್ತಿರ, ಕಣ್ಣು ಸ್ವಲ್ಪ ಮಂಜು. ಅಕ್ಷರ ಒಂದಿಷ್ಟು ದೊಡ್ಡದಾಗಿ ಹಾಕಿ.

ಇತಿ,
ಹಳೆ ರೈಟ್ ಬ್ಯಾಕ್, ಕುಂಬಳೆ